ಹ್ಯಾಂಡ್‌ಪೀಸ್‌ನ ಹಿಂದೆ ನಡೆಯಿರಿ: ಹಲ್ಲಿನ ದವಾಖಾನೆಯ ಸುರಕ್ಷತಾ ತಪಾಸಣೆ ಮಾಡುವ ಬಗೆ

ಕಲಬುರಗಿಯಲ್ಲಿ ಹಲ್ಲಿನ ದವಾಖಾನೆ ಇಟ್ಟವರಿಗೆ ತಪಾಸಣೆ ಎಂದ ಕೂಡಲೇ ನೆನಪಾಗುವುದು ಫೈಲು. ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಎಲ್ಲಿದೆ, ತ್ಯಾಜ್ಯದ ಒಪ್ಪಂದ ಎಲ್ಲಿದೆ, ಎಕ್ಸ್‌ರೇ ಯಂತ್ರದ ಪತ್ರ ಎಲ್ಲಿದೆ ಎಂದು ಹುಡುಕಾಟ ಶುರುವಾಗುತ್ತದೆ. ಆ ಕಾಗದಗಳು ಬೇಕು, ಅವುಗಳ ಮಾತು ಕೊನೆಗೆ ಬರುತ್ತದೆ. ಆದರೆ ರೋಗಿಗೆ ಅಪಾಯ ಬರುವುದು ಒಬ್ಬರ ಬಾಯಿಯಿಂದ ತೆಗೆದ ಉಪಕರಣ ಇನ್ನೊಬ್ಬರ ಬಾಯಿಗೆ ಹೋಗುವ ದಾರಿಯಲ್ಲಿ. ಆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನಡೆದು ನೋಡಿದವರಿಗೆ ದವಾಖಾನೆಯ ನಿಜ ಸ್ಥಿತಿ ಒಂದು ಮುಂಜಾನೆಯಲ್ಲಿ ತಿಳಿಯುತ್ತದೆ.

ಇಲ್ಲಿ ಹೇಳುವ ಕ್ರಮ ಒಂದು ಅಥವಾ ಎರಡು ಕುರ್ಚಿಯ ಖಾಸಗಿ ದವಾಖಾನೆಗೆ ಹೊಂದುತ್ತದೆ. ಮೂರು ತಾಸು ಬೇಕು. ದವಾಖಾನೆಯ ಡಾಕ್ಟರೇ ಮಾಡಿಕೊಳ್ಳಬಹುದು. ಇಬ್ಬರು ಡಾಕ್ಟರು ಒಬ್ಬರ ದವಾಖಾನೆಯನ್ನು ಇನ್ನೊಬ್ಬರು ನೋಡುವ ಏರ್ಪಾಡು ಇನ್ನೂ ಒಳ್ಳೆಯದು, ಏಕೆಂದರೆ ದಿನಾ ನೋಡುವ ಕಣ್ಣಿಗೆ ದಿನಾ ಇರುವ ತಪ್ಪು ಕಾಣುವುದಿಲ್ಲ. ಜೊತೆಗೆ ಇಟ್ಟುಕೊಳ್ಳಬೇಕಾದದ್ದು: ಗಡಿಯಾರ, ಟಾರ್ಚ್, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್, ಗರಿಷ್ಠ-ಕನಿಷ್ಠ ಉಷ್ಣತೆ ತೋರಿಸುವ ಥರ್ಮಾಮೀಟರ್, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಆಟೋಕ್ಲೇವ್ ಪರೀಕ್ಷಿಸಲು ಎರಡು ಸ್ಪೋರ್ (ಬೀಜಾಣು) ಸ್ಟ್ರಿಪ್, ಒಂದು ನೋಟ್‌ಬುಕ್. ರೋಗಿಗಳು ಇರುವ ಹೊತ್ತಿನಲ್ಲೇ ಹೋಗಿ. ಖಾಲಿ ದವಾಖಾನೆಯಲ್ಲಿ ಎಲ್ಲವೂ ಚೊಕ್ಕಟವಾಗಿಯೇ ಇರುತ್ತದೆ.

ಮೊದಲ ಹೆಜ್ಜೆ: ಲೆಕ್ಕ

ಒಳಗೆ ಹೋದ ಮೇಲೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕೆಲಸ ಮಾಡುವ ಏರ್‌ರೋಟರ್ ಹ್ಯಾಂಡ್‌ಪೀಸ್ (ಗಾಳಿಯಿಂದ ತಿರುಗಿ ಹಲ್ಲು ಕೊರೆಯುವ ಕೈಯಂತ್ರ) ಎಷ್ಟಿವೆ? ಆಮೇಲೆ ಹಿಂದಿನ ದಿನದ ರೋಗಿಗಳ ರಿಜಿಸ್ಟರ್ ತೆಗೆಸಿ, ಫಿಲ್ಲಿಂಗ್, ರೂಟ್ ಕೆನಾಲ್, ಕ್ಯಾಪ್‌ಗೆ ಹಲ್ಲು ಕೊರೆದದ್ದು ಎಷ್ಟು ಎಂದು ಎಣಿಸಿ.

ಒಂದು ಹ್ಯಾಂಡ್‌ಪೀಸ್ ಬಳಸಿದ ಮೇಲೆ ತೊಳೆದು, ಎಣ್ಣೆ ಬಿಟ್ಟು, ಪೌಚ್‌ನಲ್ಲಿ (ಕಾಗದ-ಪ್ಲಾಸ್ಟಿಕ್ ಚೀಲ) ಹಾಕಿ, ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರ) ಇಟ್ಟು, ಒಣಗಿಸಿ, ತಣ್ಣಗಾಗಿಸಲು ಸುಮಾರು 90 ನಿಮಿಷ ಹಿಡಿಯುತ್ತದೆ. ಒಬ್ಬ ರೋಗಿಗೆ 20 ನಿಮಿಷ ಎಂದಿಟ್ಟುಕೊಳ್ಳಿ. ಮುಂಜಾನೆ 10ಕ್ಕೆ ಬಳಸಿದ್ದು ಮತ್ತೆ ಕೈಗೆ ಸಿಗುವುದು 11:50ಕ್ಕೆ, ಅದಾದ ಮೇಲೆ 1:40ಕ್ಕೆ. ಅಂದರೆ 10ರಿಂದ 1:30ರವರೆಗೆ ಒಂದು ಹ್ಯಾಂಡ್‌ಪೀಸ್ ಇಬ್ಬರಿಗೆ ಮಾತ್ರ ಆಗುತ್ತದೆ. ದವಾಖಾನೆಯಲ್ಲಿ ಎರಡೇ ಇದ್ದು, ಆ ಹೊತ್ತಿನಲ್ಲಿ 7 ಜನರಿಗೆ ಹಲ್ಲು ಕೊರೆದಿದ್ದರೆ, ಕನಿಷ್ಠ 3 ಜನರ ಬಾಯಿಗೆ ಬರೀ ಸ್ಪಿರಿಟ್‌ನಿಂದ ಒರೆಸಿದ ಹ್ಯಾಂಡ್‌ಪೀಸ್ ಹೋಗಿದೆ. ಇದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸ್ಪಿರಿಟ್‌ನಲ್ಲಿ ಒರೆಸಿದರೆ ಏಕೆ ಸಾಲದು ಎಂದರೆ, ಹ್ಯಾಂಡ್‌ಪೀಸ್ ಒಳಗೆ ಟೊಳ್ಳು. ತಿರುಗುವ ಟರ್ಬೈನ್ ನಿಲ್ಲುವ ಕ್ಷಣದಲ್ಲಿ ಬಾಯಿಯ ಎಂಜಲು, ರಕ್ತ ಒಳಕ್ಕೆ ಸೆಳೆಯಲ್ಪಡುತ್ತದೆ. ಮುಂದಿನ ರೋಗಿಯಲ್ಲಿ ಅದು ಗಾಳಿ-ನೀರಿನ ಜೊತೆ ಹೊರಗೆ ಬರುತ್ತದೆ. ಹೊರಮೈ ಒರೆಸಿದರೆ ಒಳಗಿನದು ಹೋಗುವುದಿಲ್ಲ. ಆದ್ದರಿಂದ ಈ ಲೆಕ್ಕದಲ್ಲಿ ತಪ್ಪು ಬಂದರೆ ಪರಿಹಾರವೂ ಲೆಕ್ಕದಲ್ಲೇ ಇದೆ. ತಾಸಿಗೆ ಇಬ್ಬರಂತೆ ಹಲ್ಲು ಕೊರೆಯುವ ದವಾಖಾನೆಗೆ ಕುರ್ಚಿಯೊಂದಕ್ಕೆ 4 ಹ್ಯಾಂಡ್‌ಪೀಸ್ ಬೇಕು, ಕೆಟ್ಟರೆ ಇರಲೆಂದು ಇನ್ನೊಂದು. ಇದೇ ಎಣಿಕೆಯನ್ನು ಬಾಯಿಗನ್ನಡಿ, ಪ್ರೋಬ್, ಸ್ಕೇಲರ್ ತುದಿ, ಗಾಳಿ-ನೀರು ಚಿಮ್ಮಿಸುವ ಸಿರಿಂಜಿನ ತುದಿಗೂ ಮಾಡಿ. ಕೊನೆಯದನ್ನು ಬಹಳ ಕಡೆ ಮರೆತಿರುತ್ತಾರೆ. ಅದು ದಿನವಿಡೀ ಕುರ್ಚಿಗೆ ಸಿಕ್ಕಿಸಿದಂತೆಯೇ ಇರುತ್ತದೆ.

ತೊಳೆಯುವ ಜಾಗ

ಬಳಸಿದ ತಟ್ಟೆಯ ಹಿಂದೆಯೇ ಸಿಂಕ್‌ವರೆಗೆ ಹೋಗಿ. ಕೊಳೆ ಉಪಕರಣ ಬರುವ ಬದಿ, ಶುದ್ಧ ಉಪಕರಣ ಹೋಗುವ ಬದಿ ಬೇರೆ ಇರಬೇಕು. ಕೋಣೆ ಇಕ್ಕಟ್ಟಾಗಿದ್ದರೆ ಕಟ್ಟೆಯ ಮೇಲೆ ಕೆಂಪು ಟೇಪ್‌ನ ಒಂದು ಗೆರೆ ಎಳೆದರೂ ಸಾಕು, ಆದರೆ ಆ ಗೆರೆಯನ್ನು ಎಲ್ಲರೂ ಪಾಲಿಸಬೇಕು. ಕೈ ತೊಳೆಯುವ ಸಿಂಕ್ ಮತ್ತು ಉಪಕರಣ ತೊಳೆಯುವ ಸಿಂಕ್ ಒಂದೇ ಆಗಿರಬಾರದು.

ತೊಳೆಯುವ ಸಹಾಯಕಿಯ ಕೈ ನೋಡಿ. ತೆಳು ಪರೀಕ್ಷಾ ಗ್ಲೋವ್ಸ್ ಹಾಕಿದ್ದರೆ ಚೂಪು ತುದಿ ಚುಚ್ಚುವುದು ಖಂಡಿತ. ದಪ್ಪ ರಬ್ಬರ್ ಗ್ಲೋವ್ಸ್, ಉದ್ದ ಹಿಡಿಕೆಯ ಬ್ರಷ್, ಕಣ್ಣಿಗೆ ಕನ್ನಡಕ, ಪ್ಲಾಸ್ಟಿಕ್ ಏಪ್ರನ್ ಬೇಕು. ಬ್ರಷ್ ನೀರಿನೊಳಗೆ ಉಜ್ಜಬೇಕು, ನಲ್ಲಿಯ ಕೆಳಗೆ ಉಜ್ಜಿದರೆ ಹನಿ ಮುಖಕ್ಕೆ ಸಿಡಿಯುತ್ತದೆ.

ಅಲ್ಟ್ರಾಸಾನಿಕ್ ಕ್ಲೀನರ್ ಇದ್ದರೆ ಫಾಯಿಲ್ ಪರೀಕ್ಷೆ ಮಾಡಿ. ಫಾಯಿಲ್ ತುಂಡನ್ನು ನೀರಲ್ಲಿ ನೆಟ್ಟಗೆ ಇಳಿಬಿಟ್ಟು 20ರಿಂದ 30 ಸೆಕೆಂಡ್ ಓಡಿಸಿ. ಎಲ್ಲಾ ಕಡೆ ಸಮನಾಗಿ ಸಣ್ಣ ಗುಳಿ ಬಿದ್ದರೆ ಯಂತ್ರ ಸರಿ. ಒಂದು ಬದಿ ನುಣುಪಾಗಿಯೇ ಉಳಿದರೆ ಆ ಬದಿಯ ಉಪಕರಣ ಸ್ವಚ್ಛವಾಗುತ್ತಿಲ್ಲ. ದ್ರಾವಣ ದಿನಾ ಬದಲಿಸಬೇಕು, ಮಬ್ಬಾದರೆ ಅದಕ್ಕೂ ಮೊದಲೇ.

ಟಾರ್ಚ್ ಬೆಳಕಿನಲ್ಲಿ ತೊಳೆದ ಉಪಕರಣ ನೋಡಿ. ಬಿಳಿ ಕಲೆ ಕಂಡರೆ ಅದು ಬಹುತೇಕ ನೀರಿನ ಸುಣ್ಣ. ಶಹಾಬಾದ್, ಸೇಡಂ, ಚಿತ್ತಾಪುರದ ನೆಲ ಸುಣ್ಣದ ಕಲ್ಲಿನದು. ಫರ್ಸಿ ಕಲ್ಲು, ಸಿಮೆಂಟ್ ಎರಡೂ ಅದರಿಂದಲೇ ಬರುತ್ತವೆ, ಬೋರ್‌ವೆಲ್ ನೀರಿನ ಗಡಸುತನವೂ ಅದರದೇ. ಈ ಸುಣ್ಣವೇ ಮುಂದೆ ಆಟೋಕ್ಲೇವ್‌ನ ಹೀಟರ್ ಮತ್ತು ವಾಲ್ವ್ ಕೆಡಿಸುತ್ತದೆ.

ಆಟೋಕ್ಲೇವ್: ಇಲ್ಲಿ ನಿಂತು ನೋಡಿ

ಮೂರು ತಾಸಿನಲ್ಲಿ ಒಂದು ತಾಸು ಇಲ್ಲೇ ಕಳೆದರೂ ಸರಿ. ಕುದಿಸುವುದು ಕ್ರಿಮಿಶುದ್ಧಿ ಆಗುವುದಿಲ್ಲ. ಹಲವೆಡೆ ಗೋಡೆಗೆ ಹಾಕಿರುವ ನೀಲಿ ಬೆಳಕಿನ ಯುವಿ ಪೆಟ್ಟಿಗೆ ಸಹ ಕ್ರಿಮಿಶುದ್ಧಿ ಮಾಡುವುದಿಲ್ಲ. ಆಟೋಕ್ಲೇವ್ ಆದ ಪೌಚ್‌ಗಳನ್ನು ಧೂಳಿಲ್ಲದೆ ಇಡಲು ಅದು ಒಂದು ಕಪಾಟು, ಅಷ್ಟೇ. ಬಿಸಿ ಮಣಿಗಳ ಗ್ಲಾಸ್ ಬೀಡ್ ಯಂತ್ರದಲ್ಲಿ ಹಲ್ಲಿನ ಬೇರು ಸ್ವಚ್ಛ ಮಾಡುವ ಫೈಲ್‌ಗಳನ್ನು ಚುಚ್ಚಿ ತೆಗೆಯುವುದೂ ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಬಳಸುವಷ್ಟು ಭರವಸೆಯದಲ್ಲ. 2 ಪ್ರತಿಶತ ಗ್ಲುಟರಾಲ್ಡಿಹೈಡ್‌ನಲ್ಲಿ ಕ್ರಿಮಿಶುದ್ಧಿ ಆಗಬೇಕಾದರೆ 10 ತಾಸು ಮುಳುಗಿರಬೇಕು. ಇಬ್ಬರು ರೋಗಿಗಳ ನಡುವೆ ಹತ್ತು ನಿಮಿಷ ಅದ್ದಿ ತೆಗೆದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಯಂತ್ರದ ಮೇಲೆ ಎನ್ ಅಥವಾ ಬಿ ಎಂಬ ವರ್ಗ ಬರೆದಿರುತ್ತದೆ. ಎನ್ ವರ್ಗದ್ದು ಗಾಳಿಯನ್ನು ಹಬೆಯಿಂದ ತಳ್ಳುವ ಸಾದಾ ಯಂತ್ರ. ಅದು ಪೌಚ್ ಇಲ್ಲದ ಗಟ್ಟಿ ಉಪಕರಣಕ್ಕೆ ಮಾತ್ರ. ಬಿ ವರ್ಗದ್ದು ಮೊದಲು ಪಂಪ್‌ನಿಂದ ಗಾಳಿ ಎಳೆದು ತೆಗೆಯುತ್ತದೆ, ಆದ್ದರಿಂದ ಹ್ಯಾಂಡ್‌ಪೀಸ್‌ನಂಥ ಟೊಳ್ಳು ಉಪಕರಣದ ಒಳಕ್ಕೂ, ಪೌಚ್‌ನ ಒಳಕ್ಕೂ ಹಬೆ ಹೋಗುತ್ತದೆ. ಹೊಸದು ಕೊಳ್ಳುವವರು ಹಣ ಕೂಡಿಸಿ ಬಿ ವರ್ಗದ್ದನ್ನೇ ಕೊಳ್ಳಬೇಕು. ಕುರ್ಚಿಯ ಚರ್ಮ, ಕಾಯುವ ಕೋಣೆಯ ಟಿವಿ ಮುಂದಿನ ವರ್ಷಕ್ಕೆ ಕಾಯಬಹುದು.

ಒಂದು ಸುತ್ತು ಪೂರ್ತಿ ನಿಂತು ನೋಡಿ, ಗಡಿಯಾರ ಹಿಡಿದು. 121 ಡಿಗ್ರಿ ಸೆಲ್ಸಿಯಸ್, 15 ಪಿಎಸ್‌ಐ ಒತ್ತಡದಲ್ಲಿ ಸುತ್ತಿಟ್ಟ ಉಪಕರಣಕ್ಕೆ 30 ನಿಮಿಷ. 134 ಡಿಗ್ರಿಯ ನಿರ್ವಾತ (ಬಿ ವರ್ಗದ) ಯಂತ್ರದಲ್ಲಿ 3ರಿಂದ 4 ನಿಮಿಷ. ಈ ಸಮಯ ಎಣಿಸಬೇಕಾದದ್ದು ಉಷ್ಣತೆ ಮುಟ್ಟಿದ ಮೇಲೆ. ಸ್ವಿಚ್ ಹಾಕಿದಲ್ಲಿಂದ ಎಣಿಸುವುದು ಕೈಯಿಂದ ನಡೆಸುವ ಹಳೆಯ ಯಂತ್ರಗಳಲ್ಲಿ ತೀರಾ ಸಾಮಾನ್ಯವಾದ ತಪ್ಪು.

ಕರೆಂಟ್ ಹೋದರೆ ಏನು ಮಾಡುತ್ತೀರಿ ಎಂದು ಸಹಾಯಕರನ್ನು ಕೇಳಿ. ಬೇಸಿಗೆಯಲ್ಲಿ ಈ ಪ್ರಶ್ನೆ ದಿನಾ ಎದುರಾಗುತ್ತದೆ. ಮನೆಯ ಇನ್ವರ್ಟರ್ ಆಟೋಕ್ಲೇವ್‌ನ ಹೀಟರ್ ಹೊರುವುದಿಲ್ಲ. ಸುತ್ತು ನಡುವೆ ನಿಂತರೆ "ಉಳಿದ ಹತ್ತು ನಿಮಿಷ" ಓಡಿಸುವಂತಿಲ್ಲ. ಪೌಚ್ ಹರಿದು, ಹೊಸ ಪೌಚ್‌ನಲ್ಲಿ ಹಾಕಿ, ಮೊದಲಿನಿಂದ ಓಡಿಸಬೇಕು. ಒದ್ದೆಯಾಗಿ ಹೊರಬಂದ ಪೌಚ್‌ಗೂ ಇದೇ ನಿಯಮ, ಏಕೆಂದರೆ ಒದ್ದೆ ಕಾಗದ ಹೊರಗಿನ ಕ್ರಿಮಿಯನ್ನು ಬತ್ತಿಯಂತೆ ಒಳಗೆ ಎಳೆಯುತ್ತದೆ. ಪೌಚ್ ಒದ್ದೆಯಾಗುವುದಕ್ಕೆ ಕಾರಣ ಹೆಚ್ಚಾಗಿ ಟ್ರೇ ತುಂಬಿ ತುಳುಕುವುದು, ಇಲ್ಲವೇ ಒಣಗಿಸುವ ಹಂತ ಮುಗಿಯುವ ಮೊದಲೇ ಬಾಗಿಲು ತೆಗೆಯುವುದು.

ಪೌಚ್ ಮೇಲಿನ ಬಣ್ಣದ ಗುರುತು ಬದಲಾದರೆ ಎಲ್ಲವೂ ಸರಿ ಎಂದು ನಂಬಿದವರು ಬಹಳ. ಆ ಗುರುತು ಹೇಳುವುದು ಈ ಪೌಚ್ ಹಬೆ ಕಂಡಿದೆ ಎಂದಷ್ಟೇ. ಕ್ರಿಮಿ ಸತ್ತಿದೆಯೇ ಎಂದು ಹೇಳುವುದು ಸ್ಪೋರ್ ಪರೀಕ್ಷೆ. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ, ಬಿಸಿಯನ್ನು ಬಹಳ ತಡೆಯುವ ಬ್ಯಾಕ್ಟೀರಿಯಾದ ಬೀಜಾಣು ಇರುವ ಒಂದು ಸ್ಟ್ರಿಪ್ ಅಥವಾ ಸೀಸೆಯನ್ನು ತುಂಬಿದ ಟ್ರೇಯ ನಡುವೆ ಇಟ್ಟು ಸುತ್ತು ಓಡಿಸಿ. ಅದೇ ಬ್ಯಾಚಿನ ಇನ್ನೊಂದನ್ನು ಆಟೋಕ್ಲೇವ್‌ಗೆ ಹಾಕದೆ ಹಾಗೇ ಇಡಿ. ಎರಡನ್ನೂ 55ರಿಂದ 60 ಡಿಗ್ರಿಯಲ್ಲಿ, ತಯಾರಕರು ಹೇಳಿದಷ್ಟು ತಾಸು ಇನ್‌ಕ್ಯುಬೇಟ್ ಮಾಡಿ. ಹಾಕದೆ ಬಿಟ್ಟದ್ದು ಬೆಳೆಯಬೇಕು, ಹಾಕಿದ್ದು ಬೆಳೆಯಬಾರದು. ಎರಡೂ ಬೆಳೆಯದಿದ್ದರೆ ಪರೀಕ್ಷೆಯೇ ಕೆಟ್ಟಿದೆ ಎಂದರ್ಥ, ಪಾಸಾಯಿತು ಎಂದು ಬರೆಯಬೇಡಿ. ಇದು ವಾರಕ್ಕೊಮ್ಮೆ ಆಗಬೇಕು. ಇನ್‌ಕ್ಯುಬೇಟರ್ ಇಲ್ಲದವರು ಸೂಕ್ಷ್ಮಜೀವಿಶಾಸ್ತ್ರ ಪ್ರಯೋಗಾಲಯದ ನೆರವು ಕೇಳಬಹುದು. ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಪರೀಕ್ಷೆ ಫೇಲಾದರೆ ಯಂತ್ರ ನಿಲ್ಲಿಸಿ, ಹಿಂದಿನ ಪಾಸಾದ ಪರೀಕ್ಷೆಯ ನಂತರದ ಎಲ್ಲಾ ಪೌಚ್‌ಗಳನ್ನು ವಾಪಸು ತೆಗೆಯಬೇಕು. ಪ್ರತಿ ಪೌಚ್‌ನ ಪ್ಲಾಸ್ಟಿಕ್ ಬದಿಗೆ ದಿನಾಂಕ ಮತ್ತು ಸುತ್ತಿನ ಸಂಖ್ಯೆ ಬರೆಯಬೇಕೆನ್ನುವುದು ಇದಕ್ಕಾಗಿಯೇ.

ಕೊನೆಗೆ ಯಂತ್ರಕ್ಕೆ ಹಾಕುವ ನೀರಿನಲ್ಲಿ ಟಿಡಿಎಸ್ ಮೀಟರ್ ಅದ್ದಿ. ಡಿಸ್ಟಿಲ್ಡ್ ನೀರು 10ಕ್ಕಿಂತ ಕೆಳಗೆ ತೋರಿಸಬೇಕು. 60, 80 ಬಂದರೆ ಅದು ಕುಡಿಯುವ ಆರ್‌ಒ ನೀರು. ಕುಡಿಯಲು ಒಳ್ಳೆಯದು, ಆಟೋಕ್ಲೇವ್‌ಗೆ ಅಲ್ಲ.

ಕುರ್ಚಿಯ ನೀರು

ಕುರ್ಚಿಯೊಳಗಿನ ಸಣ್ಣ ಪ್ಲಾಸ್ಟಿಕ್ ಕೊಳವೆಗಳಲ್ಲಿ ನೀರು ರಾತ್ರಿಯಿಡೀ ನಿಂತಿರುತ್ತದೆ. ಗೋಡೆಗೆ ಲೋಳೆ ಕಟ್ಟುತ್ತದೆ. ಏಪ್ರಿಲ್-ಮೇನಲ್ಲಿ ಮಾಳಿಗೆಯ ಟ್ಯಾಂಕಿನ ನೀರು ಕೈಗೆ ಸುಡುವಾಗ ನೇರ ಟ್ಯಾಂಕಿಗೆ ಜೋಡಿಸಿದ ಕುರ್ಚಿಯಲ್ಲಿ ಈ ಲೋಳೆ ಬೇಗ ಬೆಳೆಯುತ್ತದೆ. ಆದ್ದರಿಂದ ಕುರ್ಚಿಗೆ ಸ್ವಂತ ಬಾಟಲಿ ಇರುವುದು ಒಳ್ಳೆಯದು. ಮುಂಜಾನೆ 2 ನಿಮಿಷ, ಪ್ರತಿ ರೋಗಿಯ ನಂತರ 20ರಿಂದ 30 ಸೆಕೆಂಡ್ ನೀರು ಹರಿಸಬೇಕು. ರಾತ್ರಿ ಬಾಟಲಿ ಬಿಚ್ಚಿ, ಒಣಗಿಸಿ, ಬೋರಲು ಇಡಬೇಕು. ಹರಿಸುವುದರಿಂದ ಲೋಳೆ ಕೀಳುವುದಿಲ್ಲ, ಅದಕ್ಕೆ ಕುರ್ಚಿ ತಯಾರಕರು ಹೇಳಿದ ಔಷಧ ಬೇಕು.

ನೀರಿನಲ್ಲಿ ಬ್ಯಾಕ್ಟೀರಿಯಾ ಪ್ರತಿ ಮಿ.ಲೀ.ಗೆ 500 ಸಿಎಫ್‌ಯು (ಬೆಳೆದು ಕಾಣುವ ಬ್ಯಾಕ್ಟೀರಿಯಾ ಗುಂಪುಗಳ ಎಣಿಕೆ) ಮೀರಬಾರದು ಎಂಬುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವ ಮಿತಿ, ಇಲ್ಲಿಯೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಮಾದರಿಯನ್ನು ಕ್ರಿಮಿಶುದ್ಧ ಬಾಟಲಿಯಲ್ಲಿ ಹಿಡಿದು, ಐಸ್‌ನಲ್ಲಿಟ್ಟು, ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಿ. ಎಲುಬು ಕೊರೆಯುವ ಕೆಲಸ, ಇಂಪ್ಲಾಂಟ್, ಅಕ್ಕಲು ಹಲ್ಲಿನ ಶಸ್ತ್ರಚಿಕಿತ್ಸೆಗೆ ಕುರ್ಚಿಯ ನೀರು ಬೇಡವೇ ಬೇಡ. ಕ್ರಿಮಿಶುದ್ಧ ಸಲೈನ್ ಮಾತ್ರ.

ಸೂಜಿ, ಔಷಧ, ಬಿಸಿಲು

ಅರಿವಳಿಕೆ ಔಷಧ ಲಿಗ್ನೋಕೇನ್‌ನ 30 ಮಿ.ಲೀ. ಸೀಸೆಯನ್ನು ಎತ್ತಿ ನೋಡಿ. ರಬ್ಬರ್ ಮುಚ್ಚಳಕ್ಕೆ ಸೂಜಿಯೊಂದು ಚುಚ್ಚಿಯೇ ಇದ್ದರೆ ತಪಾಸಣೆ ಅಲ್ಲೇ ನಿಲ್ಲಿಸಿ ಸರಿಪಡಿಸಿ. ಅದು ಸೀಸೆಗೆ ತೆರೆದ ಬಾಗಿಲು. ಪ್ರತಿ ಸಲ ಹೊಸ ಸೂಜಿ, ಹೊಸ ಸಿರಿಂಜ್. ಅದೇ ರೋಗಿಗೆ ಎರಡನೇ ಸಲ ತೆಗೆಯುವಾಗಲೂ ಹಾಗೆಯೇ. ತೆರೆದ ದಿನಾಂಕ ಸೀಸೆಯ ಮೇಲೆ ಇರಬೇಕು, 28 ದಿನಕ್ಕೆ ಬಿಸಾಡಬೇಕು.

ಲಿಗ್ನೋಕೇನ್ ಜೊತೆ ಅಡ್ರಿನಲಿನ್ ಇರುವ ಔಷಧವನ್ನು ತಂಪಾದ ಕತ್ತಲೆಯಲ್ಲಿ, ಲೇಬಲ್‌ನಲ್ಲಿ ಬರೆದ ಉಷ್ಣತೆಯೊಳಗೆ ಇಡಬೇಕು. ಹೊರಗೆ 42-43 ಡಿಗ್ರಿ ಇರುವಾಗ, ಮುಚ್ಚಿದ ದವಾಖಾನೆಯ ಪಶ್ಚಿಮ ಗೋಡೆಯ ಕಪಾಟಿನಲ್ಲಿ ಭಾನುವಾರ ಎಷ್ಟಿರುತ್ತದೆ? ಥರ್ಮಾಮೀಟರ್ ಅಲ್ಲಿಟ್ಟು ಸೋಮವಾರ ಓದಿ. "ಇಂಜೆಕ್ಷನ್ ಹತ್ತುತ್ತಿಲ್ಲ" ಎಂಬ ದೂರು ಬೇಸಿಗೆಯಲ್ಲಿ ಹೆಚ್ಚಿದರೆ ಮೊದಲು ಈ ಕಪಾಟನ್ನು ಅನುಮಾನಿಸಿ. ಸೋಡಿಯಂ ಹೈಪೋಕ್ಲೋರೈಟ್ ಸಹ ಬಿಸಿಲಿಗೆ ಸತ್ವ ಕಳೆದುಕೊಳ್ಳುತ್ತದೆ. 5 ಪ್ರತಿಶತದ ಒಂದು ಪಾಲಿಗೆ ನಾಲ್ಕು ಪಾಲು ನೀರು ಹಾಕಿದರೆ 1 ಪ್ರತಿಶತ. ಆ ದ್ರಾವಣ ಅಂದಂದೇ ಮಾಡಿಕೊಳ್ಳಬೇಕು.

ಇನ್ನೊಂದು ಅಪಾಯ ತಟ್ಟೆಯಲ್ಲೇ ಇರುತ್ತದೆ. ಸಲೈನ್, ಲಿಗ್ನೋಕೇನ್, ಹೈಪೋಕ್ಲೋರೈಟ್ ತುಂಬಿದ ಸಿರಿಂಜ್‌ಗಳು ಪಕ್ಕಪಕ್ಕದಲ್ಲಿ ಒಂದೇ ಥರ ಕಾಣುತ್ತವೆ. ಅರಿವಳಿಕೆ ಎಂದು ಹೈಪೋಕ್ಲೋರೈಟ್ ಚುಚ್ಚಿದರೆ ಮಾಂಸ ಸುಟ್ಟು ಕೊಳೆಯುತ್ತದೆ. ಹೈಪೋಕ್ಲೋರೈಟ್‌ಗೆ ಬೇರೆ ಅಳತೆಯ, ಬಣ್ಣದ ಟೇಪ್ ಸುತ್ತಿದ ಸಿರಿಂಜ್ ಮಾತ್ರ ಬಳಸುವ ನಿಯಮ ಮಾಡಿ.

ತುರ್ತು ಪೆಟ್ಟಿಗೆ ತೆರೆಯುವ ಮೊದಲು, ಹೊರಗೆ ಕೂತ ಸಹಾಯಕರಿಗೆ "ಆಕ್ಸಿಜನ್ ತನ್ನಿ" ಎಂದು ಕೂಗಿ ಗಡಿಯಾರ ನೋಡಿ. ಒಂದು ನಿಮಿಷದೊಳಗೆ ಮಾಸ್ಕ್‌ನಿಂದ ಗಾಳಿ ಬರಬೇಕು. ತಡವಾಗುವುದು ಹೆಚ್ಚಾಗಿ ಸಿಲಿಂಡರ್ ಕೀಲಿ ಸಿಗದೆ. ಅದನ್ನು ಸಿಲಿಂಡರ್‌ಗೇ ಸರಪಳಿಯಲ್ಲಿ ಕಟ್ಟಿ. ಪೆಟ್ಟಿಗೆಯಲ್ಲಿ 1 ಮಿ.ಲೀ.ಗೆ 1 ಮಿ.ಗ್ರಾಂ ಅಡ್ರಿನಲಿನ್, ಆಸ್ಪಿರಿನ್, ನಾಲಿಗೆ ಕೆಳಗಿಡುವ ನೈಟ್ರೇಟ್, ಸಾಲ್ಬುಟಮಾಲ್ ಇನ್‌ಹೇಲರ್, ಗ್ಲೂಕೋಸ್, ಬಿಪಿ ಯಂತ್ರ, ಪಲ್ಸ್ ಆಕ್ಸಿಮೀಟರ್ ಇರಬೇಕು. ತೀವ್ರ ಅಲರ್ಜಿಯಲ್ಲಿ ದೊಡ್ಡವರಿಗೆ 0.5 ಮಿ.ಲೀ. ಅಡ್ರಿನಲಿನ್ ತೊಡೆಯ ಹೊರಬದಿಯ ಸ್ನಾಯುವಿಗೆ, ಜೊತೆಗೇ 108ಕ್ಕೆ ಕರೆ. ಈ ಸಾಲನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಕನ್ನಡದಲ್ಲಿ ಅಂಟಿಸಿ. ಆ ಗಳಿಗೆಯಲ್ಲಿ ಓದಿದ್ದು ನೆನಪಾಗುವುದಿಲ್ಲ.

ಸಿಬ್ಬಂದಿಯ ಹೆಪಟೈಟಿಸ್ ಬಿ ಲಸಿಕೆಯ ಕಾರ್ಡ್ ಕೇಳಿ: 0, 1, 6 ತಿಂಗಳಿಗೆ ಮೂರು ಡೋಸ್, ಒಂದೆರಡು ತಿಂಗಳ ನಂತರ ರಕ್ತದಲ್ಲಿ ಪ್ರತಿಕಾಯ ಪ್ರತಿ ಮಿ.ಲೀ.ಗೆ 10 ಎಂಐಯು ಮೇಲಿರಬೇಕು. ಡಾಕ್ಟರ್ ಹಾಕಿಸಿಕೊಂಡಿರುತ್ತಾರೆ, ತೊಳೆಯುವ ಹೆಣ್ಣುಮಗಳಿಗೆ ಹಾಕಿಸಿರುವುದಿಲ್ಲ. ಅಪಾಯ ಹೆಚ್ಚು ಇರುವುದು ಅವಳಿಗೇ. ಸೂಜಿ ಚುಚ್ಚಿದರೆ ಹಿಂಡದೆ ಸೋಪು-ನೀರಲ್ಲಿ ತೊಳೆದು, ಸಾಧ್ಯವಾದರೆ 2 ತಾಸಿನೊಳಗೆ, ಏನೇ ಆದರೂ 72 ತಾಸು ಮೀರದಂತೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಚ್‌ಐವಿ ತಡೆ ಔಷಧದ ಬಗ್ಗೆ ಕೇಳಬೇಕು.

ಕಸ

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹಳದಿ ಚೀಲಕ್ಕೆ ರಕ್ತದ ಹತ್ತಿ, ಗಾಜ್, ಕಿತ್ತ ಹಲ್ಲು. ಕೆಂಪಿಗೆ ಗ್ಲೋವ್ಸ್, ಸಕ್ಷನ್ ನಳಿಕೆ, ಸೂಜಿ ತೆಗೆದ ಸಿರಿಂಜ್. ಚುಚ್ಚದ ಬಿಳಿ ಡಬ್ಬಿಗೆ ಸೂಜಿ, ಬ್ಲೇಡ್, ಹಳೆಯ ಬರ್ (ಕೊರೆಯುವ ಮೊನೆ), ಮುರಿದ ಫೈಲ್, ಕ್ಲಿಪ್ ಹಾಕುವ ತಂತಿಯ ತುಂಡು. ನೀಲಿಗೆ ಗಾಜಿನ ಸೀಸೆ. 48 ತಾಸಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸಾಗಿಸುವ ಗಾಡಿ ವಾರಕ್ಕೆರಡೇ ಸಲ ಬಂದರೆ ಆ ಕೊರತೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಬೆಳ್ಳಿ ಫಿಲ್ಲಿಂಗ್ ಇರುವ ಹಲ್ಲು ಹಳದಿಗೆ ಹೋಗಬಾರದು, ಸುಟ್ಟರೆ ಪಾದರಸ ಗಾಳಿಗೆ ಸೇರುತ್ತದೆ. ಅದನ್ನೂ ಉಳಿದ ಅಮಾಲ್ಗಂ ಚೂರನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೇರೆ ಇಡಿ. ಎಕ್ಸ್‌ರೇ ಫಿಲ್ಮ್‌ನ ಸೀಸದ ಹಾಳೆಯೂ ಹಾಗೆಯೇ ಬೇರೆ.

ಎಕ್ಸ್‌ರೇ

ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿಯ ಇ-ಲೋರಾ ಜಾಲತಾಣದಲ್ಲಿ ಯಂತ್ರ ನೋಂದಣಿಯಾಗಿರಬೇಕು, ಎರಡು ವರ್ಷಕ್ಕೊಮ್ಮೆ ಗುಣಮಟ್ಟದ ಪರೀಕ್ಷೆಯ ವರದಿ ಇರಬೇಕು. ಹೊಡೆಯುವವರು 2 ಮೀಟರ್ ದೂರದಲ್ಲಿ ಅಥವಾ ತಡೆಗೋಡೆಯ ಹಿಂದೆ ನಿಲ್ಲಬೇಕು, ಸ್ವಿಚ್‌ನ ವೈರ್ ಅಷ್ಟು ಉದ್ದವಿದೆಯೇ ಎಂದು ಎಳೆದು ಅಳೆಯಿರಿ. ಫಿಲ್ಮ್ ಅಥವಾ ಸೆನ್ಸರ್ ಅನ್ನು ಸಿಬ್ಬಂದಿ ಬೆರಳಲ್ಲಿ ಹಿಡಿಯುವುದು ಎಲ್ಲಿ ಕಂಡರೂ ನಿಲ್ಲಿಸಿ, ಹೋಲ್ಡರ್ ಕೊಡಿಸಿ. ಸೀಸದ ಏಪ್ರನ್ ಮಡಚಿಟ್ಟರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ತೂಗುಹಾಕಬೇಕು. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ ಎಂಬ ಫಲಕ ಕನ್ನಡದಲ್ಲಿ, ಜೊತೆಗೆ ಉರ್ದುವಿನಲ್ಲಿ ಇರಲಿ. ಬೀದರ್ ಕಡೆ ಮರಾಠಿಯಲ್ಲೂ, ಯಾದಗಿರಿಯ ಗಡಿ ಊರುಗಳಲ್ಲಿ ತೆಲುಗಿನಲ್ಲೂ. ಹಲ್ಲು ಕೀಳುವ ಮುನ್ನ ಸಹಿ ಮಾಡಿಸುವ ಒಪ್ಪಿಗೆ ಪತ್ರಕ್ಕೂ ಇದೇ ಮಾತು. ಓದಲಾಗದ ಪತ್ರಕ್ಕೆ ಹಾಕಿಸಿದ ಹೆಬ್ಬೆಟ್ಟು ಒಪ್ಪಿಗೆ ಆಗುವುದಿಲ್ಲ.

ಕಳೆದ 50 ಎಕ್ಸ್‌ರೇ ತೆಗೆದು ನೋಡಿ. ಬೇರಿನ ತುದಿ ಕಾಣದೆ, ಅಲುಗಾಡಿ ಮತ್ತೆ ಹೊಡೆದದ್ದು ಡಿಜಿಟಲ್‌ನಲ್ಲಿ 5 ಪ್ರತಿಶತ, ಫಿಲ್ಮ್‌ನಲ್ಲಿ 10 ಪ್ರತಿಶತ ದಾಟಿದರೆ ಕಲಿಸುವ ಅಗತ್ಯವಿದೆ.

ಈಗ ಫೈಲು

ಕೆಪಿಎಂಇ ಪ್ರಮಾಣಪತ್ರ ಮತ್ತು ದರಪಟ್ಟಿ ರೋಗಿಗೆ ಕಾಣುವಂತೆ ಇರಬೇಕು. ನೋಂದಣಿಯ ಅವಧಿ 5 ವರ್ಷ. ಇದನ್ನು ಕೊಡುವುದು, ದೂರು ಕೇಳುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ. ಪ್ರತಿ ದಂತವೈದ್ಯರ ರಾಜ್ಯ ದಂತ ವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಹೆಸರಿನ ಜೊತೆ ಹೋಲಿಸಿ. ಬೋರ್ಡಿನಲ್ಲಿ ಒಬ್ಬರ ಹೆಸರು, ಕುರ್ಚಿಯ ಬಳಿ ಇನ್ನೊಬ್ಬರ ಕೈ ಇದ್ದರೆ ಉಳಿದದ್ದು ಯಾವುದೂ ಲೆಕ್ಕಕ್ಕಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ತ್ಯಾಜ್ಯ ಸಾಗಿಸುವವರ ರಸೀದಿ, ಜೂನ್ 30ರೊಳಗೆ ಸಲ್ಲಿಸುವ ವಾರ್ಷಿಕ ವರದಿಯ ಪ್ರತಿ ನೋಡಿ. ಆಟೋಕ್ಲೇವ್ ರಿಜಿಸ್ಟರ್ ಇದ್ದರೆ ಅದನ್ನು ಒಂದೇ ಪೆನ್ನಿನಲ್ಲಿ, ಒಂದೇ ಕೂತಲ್ಲಿ ಬರೆದಂತೆ ಕಾಣುತ್ತದೆಯೇ ಎಂದು ಗಮನಿಸಿ. ಭಾನುವಾರ ಮುಚ್ಚಿದ ದಿನವೂ ಸುತ್ತು ಓಡಿದೆ ಎಂದು ಬರೆದಿದ್ದರೆ ಉತ್ತರ ಸಿಕ್ಕಂತೆಯೇ.

ಕಂಡ ತಪ್ಪುಗಳನ್ನು ಮೂರು ಪಾಲು ಮಾಡಿ. ಸೀಸೆಯಲ್ಲಿ ಬಿಟ್ಟ ಸೂಜಿ, ಕ್ರಿಮಿಶುದ್ಧಿಯಾಗದ ಹ್ಯಾಂಡ್‌ಪೀಸ್, ಫೇಲಾದ ಸ್ಪೋರ್ ಪರೀಕ್ಷೆ, ಖಾಲಿ ಆಕ್ಸಿಜನ್ ಇವಿಷ್ಟಕ್ಕೆ ಅಂದೇ ಕುರ್ಚಿ ನಿಲ್ಲಬೇಕು. ಲೇಬಲ್, ಫಲಕ, ಕಸದ ಬಣ್ಣ, ದಪ್ಪ ಗ್ಲೋವ್ಸ್‌ಗೆ ಒಂದು ವಾರ. ಯಂತ್ರ ಬದಲಿಸುವುದು, ಸಿಂಕ್ ಕಟ್ಟಿಸುವುದು, ಲಸಿಕೆ ಶುರು ಮಾಡುವುದಕ್ಕೆ ಒಂದು ತಿಂಗಳು. ಪ್ರತಿಯೊಂದರ ಮುಂದೆ ಯಾರು ಮಾಡುತ್ತಾರೆ ಎಂದು ಒಬ್ಬರ ಹೆಸರು ಬರೆಯಿರಿ. "ಎಲ್ಲರೂ" ಎಂದು ಬರೆದರೆ ಯಾರೂ ಮಾಡುವುದಿಲ್ಲ. ಹದಿನೈದು ದಿನ ಬಿಟ್ಟು, ಹೇಳದೆ, ಶನಿವಾರ ಸಂಜೆ ದವಾಖಾನೆ ತುಂಬಿರುವ ಹೊತ್ತಿಗೆ ಮತ್ತೆ ಬನ್ನಿ. ಮೊದಲು ಹ್ಯಾಂಡ್‌ಪೀಸ್ ಎಣಿಸಿ.